ವೀರಗಲ್ಲಿಗೆ ತಂತಿ ಬ್ರಷ್ ಬೇಡ

ಪ್ರಿಯ ಗೆಳತಿ,

ಕಾಲೇಜಿನ ಗೆಳೆಯರೆಲ್ಲ ಸೇರಿ ನಿಮ್ಮೂರ ಕೆರೆ ಏರಿಯ ವೀರಗಲ್ಲನ್ನು ಉಜ್ಜಿ ತೊಳೆದು, ಬಣ್ಣ ಬಳಿಯಬೇಕೆಂದಿದ್ದೀರಿ ಎಂದು ನಿನ್ನ ಪತ್ರದಲ್ಲಿ ಓದಿ ಖುಷಿಯಾಯಿತು. ಊರಿನ ಕಲ್ಲೊಂದರ ಮೇಲೆ ನಿಮ್ಮ ವಯಸ್ಸಿನವರಿಗೆ ಇಷ್ಟು ಅಕ್ಕರೆ ಇದೆಯಲ್ಲ, ಅದೇ ದೊಡ್ಡದು. ಆದರೆ ದಯವಿಟ್ಟು ತಂತಿ ಬ್ರಷ್ಷು, ಆಸಿಡ್ಡು, ಪೇಂಟು ಯಾವುದನ್ನೂ ಅದರ ಹತ್ತಿರ ಒಯ್ಯಬೇಡಿ. ನೂರಾರು ವರ್ಷ ಮಳೆ ಬಿಸಿಲಿಗೆ ಜಗ್ಗದ ಅಕ್ಷರಗಳು ಒಂದು ಬೆಳಗಿನ ಉಜ್ಜಾಟಕ್ಕೆ ಅಳಿಸಿಹೋಗಬಹುದು. ಎನಾಮೆಲ್ ಬಣ್ಣವಂತೂ ಅಕ್ಷರದ ಗೆರೆಯೊಳಗೇ ತುಂಬಿಕೊಳ್ಳುತ್ತದೆ.

ಮೊದಲು ಕಲ್ಲನ್ನು ಸರಿಯಾಗಿ ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಇರುತ್ತಾರೆ. ಪಟ್ಟಿಗಳ ನಡುವಿನ ಅಂಚಿನಲ್ಲಿ ಬರಹ ಇರಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೇ ನೆರಳು ಮಾಡಿ ಪಕ್ಕದಿಂದ ಟಾರ್ಚ್ ಬಿಡಿ. ಪ್ರತಿ ಅಕ್ಷರದ ಗುಳಿಯಲ್ಲೂ ನೆರಳು ನಿಂತು ಸಾಲು ಎದ್ದು ಕಾಣುತ್ತದೆ. ಸೀಮೆಸುಣ್ಣ, ಹಿಟ್ಟು ಉಜ್ಜುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಅದು ಏರಿಯ ಯಾವ ಭಾಗದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಊರವರು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಅಜ್ಜ ಅಜ್ಜಿಯರು ಹೇಳುವ ಕಥೆಯನ್ನೂ ಬಿಡಬೇಡಿ.

ಆಮೇಲೆ ಗ್ರಂಥಾಲಯಕ್ಕೆ ಹೋಗಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳಲ್ಲಿ ನಿಮ್ಮ ತಾಲೂಕನ್ನು ಹುಡುಕಿ. ಅವನ್ನು ಹೊರತಂದ ಬಿ.ಎಲ್. ರೈಸ್ ಕಾಲದಲ್ಲೇ ಸಾವಿರಾರು ಶಾಸನಗಳು ದಾಖಲಾಗಿವೆ. ಹಾಗೆಂದು ಎಲ್ಲವೂ ಸಿಕ್ಕಿಬಿಟ್ಟಿವೆ ಎಂದಲ್ಲ. ಬೆಂಗಳೂರಿನಂಥ ಊರಿನಲ್ಲೇ, ಹೆಬ್ಬಾಳದಲ್ಲಿ, ಗಂಗರ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು ತೀರಾ ಈಚೆಗೆ, 2018ರಲ್ಲಿ. ಯಾವ ಕಲ್ಲನ್ನೂ ಕಡೆಗಣಿಸುವಂತೆಯೂ ಇಲ್ಲ: ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯ ಮೇಲೆ ಬಿದ್ದು ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಆ ಕಲ್ಲಿನಲ್ಲೇ ರಾಷ್ಟ್ರಕೂಟರು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸುದ್ದಿಯೂ ಇದೆ. ನಾಯಿಯ ಕಲ್ಲು ತಾನೇ ಎಂದು ಯಾರಾದರೂ ಅದನ್ನು ಬಟ್ಟೆ ಒಗೆಯಲು ಹಾಕಿಕೊಂಡಿದ್ದರೆ ಎಷ್ಟು ಇತಿಹಾಸ ಹೋಗುತ್ತಿತ್ತು!

ಇನ್ನು ನನಗೆ ನಿಜಕ್ಕೂ ಆತಂಕ ತಂದದ್ದು ನಿನ್ನ ಇನ್ನೊಂದು ಮಾತು: ನಿಧಿಗಳ್ಳರು ಬಂದರೆ ರಾತ್ರಿ ಕಾವಲು ಕೂರುತ್ತೇವೆ ಎಂದದ್ದು. ಅದು ಖಂಡಿತ ಬೇಡ. ಕಲ್ಲಿನ ಕೆಳಗೆ ಹೊನ್ನಿದೆ ಎಂಬ ಮೂಢನಂಬಿಕೆಯಲ್ಲಿ ಅಗೆಯಲು ಬರುವವರ ಕೈಯಲ್ಲಿ ಹಾರೆ, ಗುದ್ದಲಿ ಇರುತ್ತದೆ. ಅಗೆದ ಗುರುತು ಕಂಡರೆ ದೂರದಿಂದಲೇ ಫೋಟೊ ತೆಗೆದು ಮನೆಯ ಹಿರಿಯರಿಗೆ, ಪಂಚಾಯಿತಿಗೆ ಹೇಳಿ. ಅಗೆಯುತ್ತಿರುವುದೇ ಕಂಡರೆ ಅಲ್ಲಿಂದ ದೂರ ಬಂದು 112ಕ್ಕೆ ಕರೆ ಮಾಡಿ. ಹೊಸ ಶಾಸನ ಸಿಕ್ಕರೂ ಅಷ್ಟೇ, ಜಾಗದ ಗುರುತು ಸಮೇತ ಇನ್‌ಸ್ಟಾಗ್ರಾಂಗೆ ಹಾಕುವುದು ಕಳ್ಳರಿಗೆ ದಾರಿ ತೋರಿದಂತೆ. ಮೊದಲು ಪುರಾತತ್ತ್ವ ಇಲಾಖೆಗೆ ಬರೆಯಿರಿ. ನೆಲದಲ್ಲಿ ಹಳೆಯ ನಾಣ್ಯವೋ ಒಡವೆಯೋ ಸಿಕ್ಕರೆ ಮನೆಗೆ ತರುವಂತಿಲ್ಲ. ನಿಕ್ಷೇಪ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಕಲ್ಲಿಗೆ ಎಣ್ಣೆ ಸುರಿದು ಪೂಜಿಸುವವರೊಂದಿಗೆ ಜಗಳಕ್ಕೆ ಇಳಿಯಬೇಡಿ. ಅವರ ಭಕ್ತಿಯಿಂದಲೇ ಆ ಕಲ್ಲು ಇಷ್ಟು ದಿನ ಉಳಿದಿರಬಹುದು. ಎಣ್ಣೆಯನ್ನು ಕಲ್ಲಿನ ಮುಂದಿನ ಹಣತೆಗೆ ಹಾಕಿ ಎಂದು ಕೇಳಿಕೊಳ್ಳಿ; ಮಕ್ಕಳು ಮರ್ಯಾದೆಯಿಂದ ಕೇಳಿದರೆ ಹಿರಿಯರು ಕಿವಿಗೊಡುತ್ತಾರೆ.

ಏರಿಗೆ ಒಬ್ಬಳೇ ಹೋಗಬೇಡ. ಮನೆಯಲ್ಲಿ ಹೇಳಿ, ನಾಲ್ಕು ಜನ ಸೇರಿ, ಬೆಳಕಿರುವಾಗಲೇ ಹೋಗಿ ಬನ್ನಿ. ಪೊದೆಗೆ ಕೈ ಹಾಕುವ ಮುನ್ನ ಹಾವಿದೆಯೇ ನೋಡಿಕೊಳ್ಳಿ, ಕಾಲಿಗೆ ಶೂ ಇರಲಿ. ಓರೆ ಬೆಳಕಿನ ಫೋಟೊಗಳನ್ನು ನನಗೂ ಕಳಿಸು, ಕೂತು ಓದೋಣ.

ನಿನ್ನ ಅಕ್ಕರೆಯ,
ಹಿರಿಯ ಗೆಳತಿ