ನಿನ್ನದೊಂದು ಲೈಫ್ ಕೊಡೋ

ಮೊನ್ನೆ ಬೆಳಿಗ್ಗೆ ಹೊಸಹಳ್ಳಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆ. ಪುಣ್ಯಕ್ಕೆ ಸೀಟೂ ಸಿಕ್ಕಿತು. ಬ್ಯಾಗಿನಿಂದ ಮೆಲ್ಲಗೆ "ಅದನ್ನು" ತೆಗೆದು ಆಡತೊಡಗಿದೆ. ಪಕ್ಕದಲ್ಲಿದ್ದ ಹಿರಿಯರು ಎರಡು ನಿಮಿಷ ನೋಡಿ, "ಇದೇನಪ್ಪಾ, ಹೊಸ ಥರದ ಫೋನಾ?" ಅಂದರು.

"ಅಲ್ಲ ಸಾರ್, ವಿಡಿಯೋ ಗೇಮು."

ಅವರು ನನ್ನ ತಲೆಯ ಬಿಳಿಕೂದಲು ನೋಡಿದರು, ಮತ್ತೆ ಗೇಮ್ ನೋಡಿದರು. "ಮಗಂದಾ?" ಅಂತ ಕೇಳಿದರು. "ಹೌದು ಸಾರ್" ಅಂದುಬಿಟ್ಟೆ :) ಶುದ್ಧ ಸುಳ್ಳು. ನಲವತ್ತಮೂರು ವರ್ಷದವನು ತನಗೇ ಅಂತ ತರಿಸಿಕೊಂಡಿದ್ದು ಅಂತ ಹೇಳೋದು ಹೇಗೆ, ನೀವೇ ಹೇಳಿ?

ವಿಷಯ ಇಷ್ಟೇ. ಸಿಂಗಪುರದಿಂದ ಬರುತ್ತಿದ್ದ ಗೆಳೆಯನೊಬ್ಬನ ಕೈಲಿ ನಿಂಟೆಂಡೊ ಸ್ವಿಚ್ ತರಿಸಿದೆ. 2017ರಲ್ಲಿ ಇದು ಮೊದಲು ಬಂದಾಗ ಕಂಪನಿ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಲಿಲ್ಲ, ಹಾಗಾಗಿ ಹೀಗೆ ಹೊರಗಿನಿಂದ ತರಿಸಿಕೊಳ್ಳೋರೇ ಜಾಸ್ತಿ. ನನ್ನದು 2021ರ ಓಎಲ್‌ಇಡಿ ಮಾಡೆಲ್. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಿದೆ, ಆದರೆ ನಾನು ಆಡಬೇಕೆಂದಿದ್ದ ಗೇಮಿಗೆ ಹಳೆಯದೇ ಹೆಚ್ಚಾಯ್ತು. ಏಳು ಇಂಚಿನ ಪರದೆ, ನಾನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಕ. ಒಮ್ಮೆ ಚಾರ್ಜ್ ಮಾಡಿದರೆ ನಾಲ್ಕೂವರೆಯಿಂದ ಒಂಬತ್ತು ಗಂಟೆ ಅನ್ನುತ್ತದೆ ಕಂಪನಿ. ನನಗೆ ವೈಟ್‌ಫೀಲ್ಡಿಗೆ ಹೋಗಿ ಬರೋಕೆ ಧಾರಾಳ ಸಾಕು. ಬಣ್ಣಗಳು ಎಷ್ಟು ಚೆನ್ನಾಗಿವೆ ಅಂದರೆ, ಮಾಗಡಿ ರೋಡ್ ಸ್ಟೇಷನ್ ದಾಟಿ ರೈಲು ಸುರಂಗಕ್ಕೆ ಇಳಿದಾಗ ಇನ್ನೂ ಚಂದ ಕಾಣುತ್ತವೆ. ಒಂದೇ ತೊಂದರೆ, ಅಕ್ಷರಗಳು ಸಣ್ಣ. ಓದೋ ಕನ್ನಡಕ ಹಾಕ್ಕೊಂಡು ವಿಡಿಯೋ ಗೇಮ್ ಆಡೋ ಕಾಲ ಬಂತಲ್ಲ ಅಂತ ನಗು ಬಂತು.

ಈ ಕಂಪನಿ ಶುರುವಾಗಿದ್ದು 1889ರಲ್ಲಿ, ಜಪಾನಿನ ಕ್ಯೋಟೋದಲ್ಲಿ. ಆಗ ಮಾಡುತ್ತಿದ್ದದ್ದು ಇಸ್ಪೀಟಿನಂಥ ಎಲೆಗಳನ್ನು! ಅಲ್ಲಿದ್ದ ಗುನ್‌ಪೇ ಯೋಕೊಯಿ ಅನ್ನೋರು ಒಮ್ಮೆ ರೈಲಿನಲ್ಲಿ ಹೋಗುವಾಗ, ಬೇಜಾರಾಗಿ ಕ್ಯಾಲ್ಕ್ಯುಲೇಟರ್ ಗುಂಡಿ ಒತ್ತುತ್ತಾ ಕೂತ ಪ್ರಯಾಣಿಕನೊಬ್ಬನನ್ನು ನೋಡಿದರಂತೆ. ಅಲ್ಲಿಂದ ಹುಟ್ಟಿದ್ದು 1980ರ ಅಂಗೈ ಅಗಲದ ಗೇಮುಗಳು. ಅಂದರೆ ಮೆಟ್ರೋದಲ್ಲಿ ಆಡೋದು ಸಂಪ್ರದಾಯಬದ್ಧವೇ ಆಯ್ತು, ನಾಚಿಕೆ ಪಡಬೇಕಾಗಿಲ್ಲ ಬಿಡಿ.

ಯಾವ ಗೇಮು ಅಂತ ಹೇಳಲೇ ಇಲ್ಲ ಅಲ್ವಾ? ಕಾಂಟ್ರಾ!

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಬೇರೆ ಹೇಳಬೇಕಾಗಿಲ್ಲ. 1987ರಲ್ಲಿ ಕೊನಾಮಿ ಕಂಪನಿ ಮಾಡಿದ್ದು, ಮನೆಯಲ್ಲಿ ಆಡೋ ರೂಪದಲ್ಲಿ ಬಂದದ್ದು 1988ರಲ್ಲಿ. 2019ರಲ್ಲಿ ಹಳೆಯ ಹಲವು ಕಾಂಟ್ರಾಗಳನ್ನು ಒಟ್ಟುಗೂಡಿಸಿ ಇವತ್ತಿನ ಯಂತ್ರಗಳಿಗೆ ಬಿಡುಗಡೆ ಮಾಡಿದರು. 2024ರ ಮಾರ್ಚ್‌ನಲ್ಲಿ ಅದೇ ಕಥೆಯನ್ನು ಹೊಸದಾಗಿ ಕಟ್ಟಿದ "ಆಪರೇಷನ್ ಗಲೂಗ" ಬಂತು. ನಾನು ಎರಡನ್ನೂ ಕೊಂಡೆ. ಹೊಸದರಲ್ಲಿ ಗಾಳಿಯಲ್ಲೇ ಇನ್ನೊಂದು ಸಲ ಜಿಗಿಯಬಹುದು, ಒಂದು ಗುಂಡು ತಾಕಿದ ತಕ್ಷಣ ಸಾಯದ ಹಾಗೂ ಮಾಡಿಕೊಳ್ಳಬಹುದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನಾಲ್ಕು ದಿನದಲ್ಲಿ ನಾನು ಹಳೆಯದಕ್ಕೇ ವಾಪಸ್ ಬಂದೆ. ಅದರ ಚಿತ್ರ ಹಳೆಯ ಟಿವಿಯ ಆಕಾರದ್ದು, ಏಳು ಇಂಚಿನ ಎರಡು ಪಕ್ಕವೂ ಅದಕ್ಕೆ ಬೇಡ. ಆದರೂ ಶುರುವಿನ ಆ ಸಂಗೀತ ಕಿವಿಗೆ ಬಿದ್ದದ್ದೇ ತಡ, ಹೆಬ್ಬೆರಳು ತಾನೇ ಓಡಿತು.

ಮತ್ತೆ ಒಂದು ಆಶ್ಚರ್ಯ. ಈ ಗೇಮಿನಲ್ಲಿ ಒಬ್ಬನದು ನೀಲಿ ಪ್ಯಾಂಟು, ಇನ್ನೊಬ್ಬನದು ಕೆಂಪು!

ನಗಬೇಡಿ, ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟಿವಿ. ಅದರಲ್ಲಿ ಇಬ್ಬರೂ ಬೂದಿ ಬಣ್ಣ. 1971ರ "ಕಸ್ತೂರಿ ನಿವಾಸ" 2014ರಲ್ಲಿ ಬಣ್ಣದಲ್ಲಿ ಬಂದಾಗ ಅಮ್ಮ ನೋಡಿಬಂದು, "ಅಯ್ಯೋ, ಆ ಮನೆಗೆ ಇಷ್ಟೊಂದು ಬಣ್ಣ ಇತ್ತೇನೋ" ಅಂದಿದ್ದಳು. ಹಾಗೇ ಆಯ್ತು ನನಗೆ. ಒಂದನೇ ಆಟಗಾರ ನೀಲಿ, ಎರಡನೆಯವನು ಕೆಂಪು. ಒಂದನೆಯವನು ಯಾವಾಗಲೂ ಅಣ್ಣ. ಅಂದರೆ ಅಣ್ಣ ನೀಲಿ, ನಾನು ಕೆಂಪು. ತಿಳಿಯೋಕೆ ಮೂವತ್ತು ವರ್ಷ ಬೇಕಾಯ್ತು.

ಆ ವಿಡಿಯೋ ಗೇಮ್ ಅಣ್ಣನೇ ತಂದದ್ದು, 1993ರಲ್ಲಿ, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್‌ನಿಂದ. ರಜೆಯಲ್ಲಿ ಪೇಪರ್ ಹಾಕಿ ಕೂಡಿಟ್ಟ ದುಡ್ಡು. ಜೊತೆಗೊಂದು ಹಳದಿ ಕ್ಯಾಸೆಟ್. ಅದರ ಮೇಲೆ ಸಾವಿರಾರು ಗೇಮ್ ಅಂತ ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ, ಅವೇ ಬೇರೆ ಬೇರೆ ಹೆಸರಲ್ಲಿ. ಹಾಕಿದ ತಕ್ಷಣ ಬರುತ್ತಿರಲಿಲ್ಲ. ತೆಗೆದು, ಉಫ್ ಅಂತ ಊದಿ, ಮತ್ತೆ ಹಾಕಬೇಕು. ಊದೋ ಕೆಲಸ ನನ್ನದು.

ಕಾಂಟ್ರಾ ಮೂರನೇ ಸ್ಟೇಜ್ ಜಲಪಾತ, ನೆನಪಿದೆಯಾ? ಕೆಳಗಿನಿಂದ ಬಂಡೆ ಬಂಡೆ ಹಾರಿ ಮೇಲೆ ಹತ್ತಬೇಕು. ಇಬ್ಬರು ಆಡುವಾಗ ಒಬ್ಬ ಬೇಗ ಹತ್ತಿಬಿಟ್ಟರೆ ಪರದೆಯೂ ಅವನ ಜೊತೆ ಮೇಲೆ ಹೋಗುತ್ತದೆ. ಕೆಳಗೆ ಉಳಿದವನು ಪರದೆಯಿಂದ ಆಚೆ ಬಿದ್ದು ಸಾಯುತ್ತಾನೆ. ಅವನನ್ನು ಯಾವ ಶತ್ರುವೂ ಹೊಡೆದಿರೋದಿಲ್ಲ. ಮೇಲೆ ಹೋದವನೇ ಕೊಂದ ಹಾಗೆ.

ನಾನು ಯಾವಾಗಲೂ ಬೇಗ ಹತ್ತುತ್ತಿದ್ದೆ.

ಇರೋದು ಮೂರೇ ಲೈಫು. ಅಣ್ಣನ ಮೂರೂ ಹಾಗೇ ಹೋಗುತ್ತಿದ್ದವು. ಒಬ್ಬನದು ಮುಗಿದ ಮೇಲೆ ಎ ಗುಂಡಿ ಒತ್ತಿದರೆ ಇನ್ನೊಬ್ಬನ ಲೈಫಿನಲ್ಲಿ ಒಂದು ಅವನಿಗೆ ಬರುತ್ತದೆ. ಗೇಮು ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಒತ್ತಿದರೆ ಆಯ್ತು. ಆದರೆ ಅಣ್ಣ ಕೇಳುತ್ತಿದ್ದ. "ಲೋ, ನಿನ್ನದೊಂದು ಲೈಫ್ ಕೊಡೋ." ನಾನು ಎಷ್ಟೋ ಸಲ "ಆಗಲ್ಲ ಹೋಗು" ಅಂದಿದ್ದೇನೆ. ಅವನು ಸುಮ್ಮನೆ ಜಾಯ್‌ಸ್ಟಿಕ್ ಕೆಳಗಿಟ್ಟು, ನಾನು ಆಡೋದನ್ನ ನೋಡುತ್ತಾ ಕೂರುತ್ತಿದ್ದ.

ಆಮೇಲೆ ಶಾಲೆಯ ಗೆಳೆಯನೊಬ್ಬ ಮೂವತ್ತು ಲೈಫಿನ ಗುಟ್ಟು ಹೇಳಿಕೊಟ್ಟ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಇದರ ಕಥೆ ನನಗೆ ಗೊತ್ತಾಗಿದ್ದು ತೀರಾ ಈಚೆಗೆ. ಕಜುಹಿಸಾ ಹಶಿಮೊಟೊ ಅನ್ನೋರು 1986ರಲ್ಲಿ ಗ್ರೇಡಿಯಸ್ ಅನ್ನೋ ಗೇಮ್ ತಯಾರಿಸುವಾಗ, ಅದು ತಮಗೇ ತುಂಬಾ ಕಷ್ಟ ಅಂತ ಪರೀಕ್ಷೆಗೋಸ್ಕರ ಈ ಅಡ್ಡದಾರಿ ಇಟ್ಟುಕೊಂಡಿದ್ದರಂತೆ. ಅದು ಹಾಗೇ ಉಳಿದುಕೊಂಡಿತು, ಕಾಂಟ್ರಾಗೂ ಬಂತು. ಅವರು ತೀರಿಕೊಂಡದ್ದು 2020ರಲ್ಲಿ. ಅವರ ಹೆಸರೇ ಗೊತ್ತಿಲ್ಲದೆ ನಾವು ಎಷ್ಟು ಲೈಫ್ ಬದುಕಿದೆವೋ!

ನಮಗೆ ಆ ಗುಟ್ಟು ಸಿಕ್ಕಿ ಹೆಚ್ಚು ದಿನ ಆಡಲಾಗಲಿಲ್ಲ. 1994ರಲ್ಲಿ ಅಪ್ಪ ದುಡಿಯುತ್ತಿದ್ದ ಮಿಲ್ಲು ಬಾಗಿಲು ಹಾಕಿತು. ಅಣ್ಣ ಪಿಯುಸಿ ಮುಗಿಸಿದ್ದವನು ಕೆಲಸಕ್ಕೆ ಹೋದ. ನಾನು ಓದಿದೆ. ಇಂಜಿನಿಯರಿಂಗ್ ಮುಗಿಸಿದೆ, ಕೆಲಸ ಸಿಕ್ಕಿತು, ನಾಲ್ಕು ವರ್ಷ ಅಮೆರಿಕಕ್ಕೂ ಹೋಗಿ ಬಂದೆ. 2015ರಲ್ಲಿ ಹೊಸಹಳ್ಳಿಗೆ ಮೆಟ್ರೋ ಬಂತು. 2017ರಲ್ಲಿ ಅಪ್ಪ ಹೋದರು. ಆಮೇಲೆ ಆ ಇಪ್ಪತ್ತು ಮೂವತ್ತರ ಸೈಟಿನ ಮನೆಯ ಮಾತು ಬಂತು. ನಾನೇ ಎತ್ತಿದ್ದು. ಗೊತ್ತಿದ್ದವರನ್ನು ಕರೆಸಿ ಬೆಲೆ ಕಟ್ಟಿಸಿ, ಅರ್ಧ ದುಡ್ಡು ಅಣ್ಣನಿಗೆ ಕೊಟ್ಟು, ಮನೆ ನನ್ನ ಹೆಸರಿಗೆ ಮಾಡಿಸಿಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು. ಅವನು ನನ್ನ ಕಾಲೇಜಿಗೆ ಕಟ್ಟಿದ ಫೀಸು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಣ್ಣ ಅತ್ತಿಗೆ ಕೆಂಗೇರಿಗೆ ಹೋದರು, ಅಮ್ಮನೂ ಅವರ ಜೊತೆಗೇ ಹೋದಳು. ಆಮೇಲೆ ಮದುವೆ ಮುಂಜಿಯಲ್ಲಿ ಸಿಕ್ಕಿದರೆ "ಊಟ ಆಯ್ತಾ" ಅನ್ನೋಷ್ಟು ಮಾತು, ಅಷ್ಟೇ.

ಹೊಸಹಳ್ಳಿಯಿಂದ ಕೆಂಗೇರಿ ಬಸ್ ಟರ್ಮಿನಲ್ ಒಂಬತ್ತನೇ ಸ್ಟೇಷನ್. ಅದೇ ನೇರಳೆ ಲೈನು. ದಿನಾ ನಾನು ಹೋಗೋದು ಆ ಕಡೆ, ಅವನ ಮನೆ ಈ ಕಡೆ.

ಆ ಜಲಪಾತ ಬಣ್ಣದಲ್ಲಿ ನೋಡಿದ ಮೇಲೆ ಒಬ್ಬನೇ ಆಡೋಕೆ ಯಾಕೋ ಆಗಲಿಲ್ಲ. ಕಳೆದ ಭಾನುವಾರ ಸ್ವಿಚ್ಚನ್ನು ಬ್ಯಾಗಿಗೆ ಹಾಕಿಕೊಂಡು ಎದುರು ಪ್ಲಾಟ್‌ಫಾರ್ಮಿನ ರೈಲು ಹತ್ತಿದೆ. ಮೊದಲೇ ಫೋನ್ ಮಾಡಿರಲಿಲ್ಲ. ಅತ್ತಿಗೆ ಬಾಗಿಲು ತೆಗೆದು ಒಂದು ಕ್ಷಣ ಹಾಗೇ ನಿಂತರು, ಆಮೇಲೆ "ಬನ್ನಿ ಬನ್ನಿ, ಬಿಸಿಬಿಸಿ ಉಪ್ಪಿಟ್ಟಿದೆ" ಅಂದರು. ಅಮ್ಮ ಒಳಗಿಂದಲೇ "ಯಾರೇ ಅದು?" ಅಂತ ಕೂಗಿದಳು. ಅಣ್ಣ ಪೇಪರ್ ಮಡಿಸಿ ಪಕ್ಕಕ್ಕಿಟ್ಟ.

ಏನು ಹೇಳಬೇಕೋ ತಿಳಿಯದೆ ಸ್ವಿಚ್ಚನ್ನು ಟೀಪಾಯಿ ಮೇಲೆ ನಿಲ್ಲಿಸಿದೆ. ಅದರ ಎರಡು ಪಕ್ಕದ ಹಿಡಿಗಳೂ ಕಳಚಿಕೊಳ್ಳುತ್ತವೆ, ಒಂದೊಂದೂ ಒಬ್ಬೊಬ್ಬರ ಕೈಗೆ. ಈ ಯಂತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಒಂದನ್ನು ಅವನ ಮುಂದೆ ಹಿಡಿದೆ.

"ಏನೋ ಇದು?"

"ಕಾಂಟ್ರಾ."

ಅವನು ಕನ್ನಡಕ ಹಾಕಿಕೊಂಡ. ಗುಟ್ಟು ಒತ್ತೋಕೆ ನೋಡಿದೆವು, ಆ ಪುಟ್ಟ ಹಿಡಿಯಲ್ಲಿ ಇಬ್ಬರ ಹೆಬ್ಬೆರಳೂ ತಡವರಿಸಿತು, ಸಿಕ್ಕಿದ್ದು ಮೂರೇ ಲೈಫು. ಬೇಕಾದಲ್ಲಿ ಸೇವ್ ಮಾಡ್ಕೋಬಹುದು ಅಂದೆ. "ಬೇಡ, ಅದು ಮೋಸ" ಅಂದ. ಮೂವತ್ತು ಲೈಫ್ ಮೋಸ ಅಲ್ವಂತೆ :)

ಜಲಪಾತ ಬಂತು. ಅಣ್ಣನಿಗೆ ಈಗ ಐವತ್ತು ಹತ್ತಿರ, ಕೈ ನಿಧಾನ. ನಾನು ಒಂದು ಬಂಡೆಯ ಮೇಲೆ ನಿಂತುಬಿಟ್ಟೆ. ಗುಂಡು ಬಂತು, ಸತ್ತೆ, ಮತ್ತೆ ಅಲ್ಲೇ ನಿಂತೆ.

"ಹತ್ತೋ, ಯಾಕೆ ನಿಂತಿದ್ದೀಯ?"

"ನೀನು ಬಾ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಂದ. ಆದರೂ ತುದಿ ಮುಟ್ಟೋ ಮೊದಲೇ ಅವನ ಮೂರೂ ಮುಗಿದವು. ನನ್ನ ಹತ್ತಿರ ಹೆಚ್ಚಿಗೆ ಒಂದು ಉಳಿದಿತ್ತು. ಅಣ್ಣ ಹಿಡಿಯನ್ನು ಕೆಳಗಿಡೋಕೆ ಹೋದ.

"ಒತ್ತು. ಎ ಗುಂಡಿ."

"ನಿನಗೆ?"

"ಕೇಳಬೇಡ ಅಣ್ಣ, ಒತ್ತು."

ಒತ್ತಿದ. ನೀಲಿ ಪ್ಯಾಂಟಿನವನು ಮೇಲಿಂದ ಬಿದ್ದು ಎದ್ದು ನಿಂತ. ಅಣ್ಣನಿಗೂ ಆ ಬಣ್ಣ ಗೊತ್ತಿರಲಿಲ್ಲವಂತೆ. "ನಾನು ನೀಲಿನಾ?" ಅಂತ ಮಗುವಿನ ಹಾಗೆ ಕೇಳಿದ.

ಜಲಪಾತವನ್ನು ಇಬ್ಬರೂ ದಾಟಿದೆವು, ನಾಲ್ಕನೇ ಸ್ಟೇಜಿನಲ್ಲಿ ಇಬ್ಬರೂ ಸತ್ತೆವು. ಮನೆಯ ಮಾತು ಬರಲಿಲ್ಲ, ಫೀಸಿನ ಮಾತೂ ಬರಲಿಲ್ಲ. ಎಲ್ಲಾ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತದೆ. ಆ ಲೆಕ್ಕ ನಾನು ಬಾಯಿ ಬಿಟ್ಟು ಹೇಳಬೇಕು, ಹೇಳುತ್ತೇನೆ. ಹೊರಡುವಾಗ ಸ್ವಿಚ್ಚನ್ನು ಅಲ್ಲೇ ಬಿಟ್ಟು ಬಂದೆ. ಅಣ್ಣ ಬಾಗಿಲವರೆಗೆ ಬಂದು, "ಮುಂದಿನ ಭಾನುವಾರ ಬರ್ತೀಯಲ್ಲ? ಐದನೇ ಸ್ಟೇಜು ಹಿಮದ್ದು, ಗೊತ್ತಲ್ಲ" ಅಂದ.

ಹಾಗಾಗಿ ಈ ವಾರ ಮೆಟ್ರೋದಲ್ಲಿ ಕೈ ಖಾಲಿ. ನಿಮ್ಮಲ್ಲಿ ಯಾರ್ಯಾರು ಕಾಂಟ್ರಾ ಆಡಿದ್ದೀರಿ? ಜಲಪಾತದಲ್ಲಿ ಮೇಲೆ ಇರುತ್ತಿದ್ದವರು ನೀವಾ, ಕೆಳಗಿದ್ದವರಾ?