ಬಲಗಾಲಿನ ಪಾಠ

ದೊಡ್ಡದರ ಮೇಲಿನ ಮೋಹ ಮನುಷ್ಯನಿಗೆ ಎಂದಿಗೂ ತೀರುವಂಥದಲ್ಲ. ಬಾಡಿಗೆ ಮನೆಯವನಿಗೆ ಸ್ವಂತ ಮನೆಯ ಕನಸು. ಗುಮಾಸ್ತನಿಗೆ ಮೇಲಧಿಕಾರಿಯ ಕುರ್ಚಿಯ ಕನಸು. ನನಗಿದ್ದುದು ಬುಲೆಟ್ಟಿನ ಕನಸು.

1988ರಲ್ಲಿ ಕೊಂಡ ಹೀರೋ ಹೋಂಡಾ ಸಿಡಿ 100 ನನ್ನನ್ನು ಒಂಬತ್ತು ವರ್ಷಗಳ ಕಾಲ ಬೇಸರವಿಲ್ಲದೆ ಹೊತ್ತು ತಿರುಗಿತು. 97 ಸಿ.ಸಿ.ಯ ಪುಟ್ಟ ಎಂಜಿನ್ನು. ಒಂದೇ ಒದೆತಕ್ಕೆ ಎಚ್ಚರಗೊಳ್ಳುತ್ತಿದ್ದಿತು. ಪೆಟ್ರೋಲನ್ನಂತೂ ಕುಡಿಯುತ್ತಿದ್ದಿತೋ ಮೂಸುತ್ತಿದ್ದಿತೋ ತಿಳಿಯದು. ನನ್ನ ಶ್ರೀಮತಿ ಅದನ್ನು 'ಸಾಧುಪ್ರಾಣಿ' ಎಂದು ಕರೆಯುತ್ತಿದ್ದಳು. ಆದರೆ ಪಕ್ಕದಲ್ಲಿ ಬುಲೆಟ್ಟೊಂದು ಡುಗುಡುಗು ಎನ್ನುತ್ತ ಗಜಗಮನದಿಂದ ಸಾಗಿದಾಗಲೆಲ್ಲ, ನನ್ನ ಸಾಧುಪ್ರಾಣಿಯ ದನಿ ಸೊಳ್ಳೆಯ ಗುಂಯ್ಗುಟ್ಟುವಿಕೆಯಂತೆ ಕೇಳಿ ನಾನು ನಾಚುತ್ತಿದ್ದೆ.

1997ರಲ್ಲಿ, ಮೈಸೂರಿನ ನಿವೃತ್ತ ಅಧಿಕಾರಿಯೊಬ್ಬರಿಂದ 350 ಸಿ.ಸಿ.ಯ ಹಳೆಯ ಬುಲೆಟ್ಟೊಂದನ್ನು ಕೊಂಡೇಬಿಟ್ಟೆ. 70 ಮಿಲಿಮೀಟರ್ ಅಗಲದ ಸಿಲಿಂಡರು. ಅದರೊಳಗೆ 90 ಮಿಲಿಮೀಟರ್ ದೂರ ಏರಿಳಿಯುವ ಪಿಸ್ಟನ್ನು. ನನ್ನ ಹಳೆಯ ವಾಹನದ ಪಿಸ್ಟನ್ನಿನ ಓಟ ಇದರ ಅರ್ಧಕ್ಕಿಂತ ತುಸುವೇ ಹೆಚ್ಚು. ಆ ನಿಧಾನದ ದೀರ್ಘ ಉಸಿರಾಟವೇ ಬುಲೆಟ್ಟಿನ ಗಾಂಭೀರ್ಯದ ಗುಟ್ಟು.

ಅದನ್ನು ಎಬ್ಬಿಸುವುದೇ ಒಂದು ವಿಧಿ. ಅಮ್ಮೀಟರಿನ ಮುಳ್ಳು ನಡುವೆ ಬಂದು ನಿಲ್ಲುವವರೆಗೆ ಕಿಕ್ಕರನ್ನು ಮೆಲ್ಲನೆ ಒತ್ತಬೇಕು. ಎಡಗೈಯ ಪುಟ್ಟ ಡಿಕಂಪ್ರೆಸರ್ ಹಿಡಿಯನ್ನು ಎಳೆದು ಒಳಗಿನ ಬಿಗಿತವನ್ನು ಸಡಿಲಿಸಿ ಇನ್ನಷ್ಟು ಒತ್ತಬೇಕು. ಆಮೇಲೆ ಹಿಡಿಯನ್ನು ಬಿಟ್ಟು ಒದೆಯಬೇಕು. ತಪ್ಪಿದರೆ ಅದೇ ತಿರುಗಿ ಒದೆಯುತ್ತದೆ. ಇದೆಲ್ಲವನ್ನೂ ತಾಳ್ಮೆಯಿಂದ ಕಲಿಸಿದ ಆ ಹಿರಿಯರು ಕೊನೆಗೆ ಒಂದು ಮಾತು ಹೇಳಿದರು:

"ನೋಡಿ ಸ್ವಾಮಿ, ನಿಮ್ಮ ಗಾಡಿಯಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಇದರಲ್ಲಿ ತಿರುವುಮುರುವು. ಒಂದು ತಿಂಗಳು ಯಾರನ್ನೂ ಹಿಂದೆ ಕೂರಿಸಿಕೊಳ್ಳಬೇಡಿ."

ನಾನು ತಲೆಯಾಡಿಸಿದೆ. ಒಂಬತ್ತು ವರ್ಷ ಸವಾರಿ ಮಾಡಿದವನಿಗೆ ಬುದ್ಧಿವಾದವೇ ಎಂದು ಒಳಗೊಳಗೇ ನಕ್ಕದ್ದೂ ಉಂಟು.

ನಾಲ್ಕನೆಯ ದಿನವೇ ಶ್ರೀಮತಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೊರಟೆ. ದೇವರ ದರ್ಶನ ಸಾಂಗವಾಗಿಯೇ ಆಯಿತು. ಹಿಂದಿರುಗುವಾಗ ಪಕ್ಕದ ಓಣಿಯಿಂದ ಸೈಕಲ್ಲೇರಿದ ಹುಡುಗನೊಬ್ಬ ಥಟ್ಟನೆ ರಸ್ತೆಗೆ ಬಂದ. ನನ್ನ ಬಲಗಾಲು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು, ಸರ್ವಶಕ್ತಿಯಿಂದ ಒತ್ತಿತು. ಅಲ್ಲಿದ್ದುದು ಗೇರು! ಮುಂದಿನ ಗೇರಿಗೆ ಬಿದ್ದ ವಾಹನ ನಿಲ್ಲುವ ಮಾತೇ ಇರಲಿಲ್ಲ. ಕೈ ಬ್ರೇಕನ್ನು ಹಿಡಿದು ಪಕ್ಕಕ್ಕೆ ತಿರುಗಿಸಿದೆ. ರಸ್ತೆಯಂಚಿನ ಮರಳಿನಲ್ಲಿ ಮೂವರೂ ಉರುಳಿದೆವು: ನಾನು, ಅವಳು, ಬುಲೆಟ್ಟು.

ಹುಡುಗನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಶ್ರೀಮತಿಯ ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು.

ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಆರು ವಾರ ಕೈಗೆ ಪ್ಲಾಸ್ಟರು. ಅಡುಗೆಯ ಜೊತೆಗೆ ಅವಳಿಗೆ ಜಡೆ ಹೆಣೆಯುವುದನ್ನೂ ಕಲಿತೆ. ಸೂರ್ಯೋದಯಕ್ಕೆ ಮೊದಲೇ ಬಡಾವಣೆಯ ಮೈದಾನಕ್ಕೆ ಹೋಗಿ, ಯಾರೂ ಇಲ್ಲದಲ್ಲಿ ಓಡಿಸುವುದು, ನಿಲ್ಲಿಸುವುದು. ಮತ್ತೆ ಓಡಿಸುವುದು, ನಿಲ್ಲಿಸುವುದು. ಬುದ್ಧಿಗೆ ನಾಲ್ಕು ನಿಮಿಷದಲ್ಲಿ ತಿಳಿದ ವಿಷಯ ಕಾಲಿಗೆ ತಿಳಿಯಲು ನಲವತ್ತು ದಿನಗಳೇ ಬೇಕಾದುವು. ದೊಡ್ಡದನ್ನು ಕೊಳ್ಳಲು ಹಣ ಸಾಕು. ಏರಲು ಮಾತ್ರ ಹಳೆಯ ಅಭ್ಯಾಸವನ್ನು ಮರೆಯುವ ವಿನಯ ಬೇಕು.

ಈಗ ಬರುವ ಬುಲೆಟ್ಟುಗಳಲ್ಲಿ ಗೇರು ಎಡಗಾಲಿಗೇ ಬಂದಿದೆ. ಗುಂಡಿಯೊತ್ತಿದರೆ ಎಂಜಿನ್ನು ಹೊರಡುತ್ತದೆ. ಇಂದಿನ ಸವಾರರಿಗೆ ನನ್ನ ಪಾಡಿಲ್ಲ. ಆದರೂ ಸಣ್ಣ ಗಾಡಿಯಿಂದ ದೊಡ್ಡದಕ್ಕೆ ಹಾರುವ ತರುಣರನ್ನು ಕಂಡಾಗ, ಆ ಹಿರಿಯರ ಮಾತನ್ನೇ ಹೇಳುತ್ತೇನೆ: ಒಂದು ತಿಂಗಳು ಒಬ್ಬರೇ ಓಡಿಸಿ.

ಪ್ಲಾಸ್ಟರು ತೆಗೆದ ಮರುದಿನ ಶ್ರೀಮತಿ ಬಾಗಿಲಿಗೆ ಬಂದು ನಿಂತಳು.

"ಏನ್ರೀ, ಬ್ರೇಕು ಯಾವ ಕಾಲಿಗೆ?"

ನಾನು ಉತ್ತರ ಹುಡುಕುವ ಮೊದಲೇ ನನ್ನ ಎಡಪಾದ ತಾನಾಗಿ ಒತ್ತಿತು. ಅವಳು ಅದನ್ನು ಗಮನಿಸಿದಳು.

"ಸರಿ, ಹೊರಡಿ" ಎಂದು ಹತ್ತಿ ಕುಳಿತಳು. ವಾಸಿಯಾದ ಆ ಕೈಯನ್ನು ನನ್ನ ಭುಜದ ಮೇಲಿಟ್ಟಳು. ಬುಲೆಟ್ಟಿಗಿಂತ ಅದೇ ಭಾರವೆನಿಸಿತು. ಅಂದು ಬಲು ನಿಧಾನವಾಗಿ ಓಡಿಸಿದೆ.