ನೋವಿನ ಲೆಕ್ಕ

ನನ್ನ ನೋವಿನ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷಗಳುಂಟು. ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದರೂ "ಇದೆಲ್ಲಿ ತಗುಲಿತು?" ಎಂದು ಕೇಳುವ ಮನುಷ್ಯನಿಗೆ ನೋವೇ ತಿಳಿಯದೆಂದು ನನ್ನಾಕೆಯ ವಾದ. ಸ್ನಾನದ ನೀರು ಕೊಂಚ ತಣ್ಣಗಿದ್ದರೆ ಬಚ್ಚಲಿನಿಂದ ಬೊಬ್ಬೆಯಿಡುವವನಿಗೆ ತಿಳಿಯದ ನೋವು ಯಾವುದೆಂದು ತಾಯಿಯವರ ವಾದ. ಇಬ್ಬರ ಮಾತೂ ದಿಟ, ಪೇಚಾಟವಿರುವುದು ಅಲ್ಲಿಯೇ.

ವೈದ್ಯರು ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್ ಎನ್ನುವ ಗಮನದ ಕೊರತೆ ನನಗಿದೆಯೆಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಕೊರತೆಯೆಂಬ ಮಾತನ್ನು ನಾನು ಒಪ್ಪಲಾರೆ. ಗಮನವೇನೋ ಧಾರಾಳವಾಗಿದೆ, ಕರೆದ ಕಡೆ ಬರುವುದಿಲ್ಲ, ಅಷ್ಟೆ. ನೋವು ಕೂಗಿ ಕರೆದರೂ ಒಮ್ಮೊಮ್ಮೆ ಬಾರದು. ಬಂದಿತೋ, ಅಲ್ಲಿಂದ ಕದಲದು.

ಈ ತೊಂದರೆಗೆ ಕೊಡುವ ಉತ್ತೇಜಕ ಔಷಧಗಳ ಕಥೆ ಮೊದಲಾದದ್ದೂ ಒಂದು ನೋವಿನಿಂದಲೇ. ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಮಕ್ಕಳ ಬೆನ್ನುಹುರಿಯ ದ್ರವ ತೆಗೆದು, ಮಿದುಳಿನ ಎಕ್ಸ್‌ರೇ ಹಿಡಿಯುತ್ತಿದ್ದರು. ಪಾಪ, ಆ ಮಕ್ಕಳಿಗೆ ಆಮೇಲೆ ವಿಪರೀತ ತಲೆನೋವು. ಅದಕ್ಕೆಂದು ಬೆನ್ಜೆಡ್ರಿನ್ ಕೊಟ್ಟು ನೋಡಿದರು. ತಲೆನೋವು ಅಷ್ಟಾಗಿ ಜಗ್ಗಲಿಲ್ಲ. ಆದರೆ ಎಷ್ಟೋ ಮಕ್ಕಳು ಶಾಂತವಾಗಿ ಕುಳಿತು ಪಾಠ ಕಲಿಯತೊಡಗಿದರು! ಬ್ರಾಡ್ಲಿ 1937ರಲ್ಲಿ ಇದನ್ನು ಪ್ರಕಟಿಸಿದರು. ಮಕ್ಕಳು ಅದನ್ನು ಲೆಕ್ಕದ ಗುಳಿಗೆ ಎಂದು ಕರೆದರಂತೆ.

ಬಚ್ಚಲಿನ ಬೊಬ್ಬೆಗೆ ಸಮರ್ಥನೆ ಸಿಕ್ಕಿದ್ದು 2015ರ ಇಸ್ರೇಲಿನ ಒಂದು ಅಧ್ಯಯನದಲ್ಲಿ. ನನ್ನಂಥ ವಯಸ್ಕರು ಕೊರೆಯುವ ನೀರಿನಲ್ಲಿ ಕೈಯಿಟ್ಟು, ಇತರರಿಗಿಂತ ಬೇಗ ಹೊರಗೆಳೆದುಕೊಂಡರು. ಮೀಥೈಲ್‌ಫೆನಿಡೇಟ್ ಗುಳಿಗೆ ಕೊಟ್ಟ ಮೇಲೆ ಹೆಚ್ಚು ಹೊತ್ತು ತಡೆದರು. ಅದೇನೂ ನೋವಿನ ಗುಳಿಗೆಯಲ್ಲ. ಆದರೆ ಅದು ಮಿದುಳಿನಲ್ಲಿ ಹೆಚ್ಚಿಸುವ ನಾರ್‌ಅಡ್ರಿನಲಿನ್ನೇ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯ ಸದ್ದಡಗಿಸುವ ಕೆಲಸಕ್ಕೂ ಬೇಕು.

ನನಗೋ ಹಳೆಯ ಸೊಂಟನೋವು. ಹಿಂದೊಬ್ಬ ವೈದ್ಯರು ಹತ್ತಕ್ಕೆ ಎಷ್ಟು ನೋವೆಂದು ಕೇಳಿದ್ದರು. ಒಮ್ಮೆ ಎರಡೆಂದೆ, ಇನ್ನೊಮ್ಮೆ ಎಂಟೆಂದೆ. ಇವರ ಮಾತಿಗೆ ನೆಲೆಯಿಲ್ಲವೆಂದು ನನ್ನ ಎದುರಿಗೇ ನರ್ಸಮ್ಮನಿಗೆ ಹೇಳಿದರು. ಆ ಮಾತು ಸೊಂಟಕ್ಕಿಂತ ಹೆಚ್ಚು ನೋಯಿಸಿತು.

ಈಗ ಬೆಳಗಿನ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಅಷ್ಟು ಹೊತ್ತು ಸೊಂಟ ನೋಯುತ್ತದೆ, ನಾನು ಕೆಲಸ ಮಾಡುತ್ತೇನೆ, ಇಬ್ಬರಿಗೂ ಜಾಗವಿದೆ. ಪ್ರಭಾವ ಇಳಿದರೆ ಸೊಂಟವೊಂದೇ ಉಳಿಯುತ್ತದೆ. ಇವೆಲ್ಲವನ್ನೂ ಗಂಟೆ ಸಮೇತ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ: ಹತ್ತಕ್ಕೆ ಎರಡು, ಮೂರಕ್ಕೆ ಎಂಟು. ಈಗಿನ ವೈದ್ಯರು ಎರಡು ಅಂಕಿಗಳನ್ನೂ ನಂಬಿ ಬರೆದುಕೊಂಡರು.